ಖಾಲಾರ ಓಮ್ನಿಯಲ್ಲಿ ಇಳಕಲ್‌ವರೆಗೆ

ಬಾಗಲಕೋಟೆ ಎಂದರೆ ಈಗ ಎರಡು ಊರು. ಒಂದು ಹಳೆಯ ಬಾಗಲಕೋಟೆ. ಆಲಮಟ್ಟಿ ಅಣೆಕಟ್ಟಿನ ಹಿನ್ನೀರು ಅದರ ಓಣಿಗಳನ್ನು, ಅಂಗಡಿಗಳನ್ನು, ಎಷ್ಟೋ ಮನೆಗಳ ಅಂಗಳವನ್ನು ನುಂಗಿದ ಮೇಲೂ ಉಳಿದ ಭಾಗದಲ್ಲಿ ಸಂತೆಯೂ ಗದ್ದಲವೂ ಹಾಗೇ ನಡೆದಿದೆ. ಇನ್ನೊಂದು ನವನಗರ. ಮನೆ ಕಳೆದುಕೊಂಡವರಿಗಾಗಿ ಅಗಲ ರಸ್ತೆ ಹಾಕಿ ಸೆಕ್ಟರ್ ಸೆಕ್ಟರ್ ಎಂದು ಲೆಕ್ಕ ಹಿಡಿದು ಕಟ್ಟಿದ ಊರು. ಬಿಜಾಪುರದಿಂದ ಬೇರ್ಪಟ್ಟು 1997ರಲ್ಲಿ ಬಾಗಲಕೋಟೆ ಜಿಲ್ಲೆಯಾದಾಗ ಸರಕಾರಿ ಕಚೇರಿಗಳೂ ಇಲ್ಲಿಗೇ ಬಂದವು. ವಿಳಾಸ ಕೇಳಿದರೆ ಓಣಿಯ ಹೆಸರಿಲ್ಲ, ನಂಬರು ಮಾತ್ರ. ಹಳೆಯ ಊರಿನವರಿಗೆ ಇದು ಇನ್ನೂ ಒಗ್ಗಿಲ್ಲ. ನಮ್ಮ ಖಾಲಾ ಈಗಲೂ ಯಾರಾದರೂ ಕೇಳಿದರೆ ಮುಳುಗಿಹೋದ ತಮ್ಮ ಓಣಿಯ ಹೆಸರನ್ನೇ ಮೊದಲು ಹೇಳುತ್ತಾರೆ, ಆಮೇಲೆ ಸೆಕ್ಟರ್ ನಂಬರು.

ಖಾಲಾರ ಜೀವನೋಪಾಯ ಸೀರೆ ಮತ್ತು ಖಣ. ಗುಳೇದಗುಡ್ಡದ ನೇಕಾರರಿಂದ ಖಣ ಕೊಂಡು ಇಳಕಲ್ಲಿನ ಅಂಗಡಿಗೆ ಮುಟ್ಟಿಸುವುದು, ಅಲ್ಲಿಂದ ಸೀರೆ ತಂದು ಬಾಗಲಕೋಟೆಯ ಮನೆಮನೆಗೆ ಮಾರುವುದು. ಈ ಕೆಲಸವನ್ನು ಖಾಲೂ ಮಾಡುತ್ತಿದ್ದರು. ಅವರು ತೀರಿಕೊಂಡ ಮೇಲೆ ಗಾಡಿ ಮಾರಿಬಿಡಿ ಎಂದು ಮನೆಯವರೆಲ್ಲ ಹೇಳಿದರು. ಖಾಲಾ ಮಾರಲಿಲ್ಲ. ಇದ್ದತ್ ಮುಗಿಸಿ ಆರು ತಿಂಗಳಲ್ಲಿ ಡ್ರೈವಿಂಗ್ ಕಲಿತು ಲೈಸೆನ್ಸ್ ಮಾಡಿಸಿಕೊಂಡರು. ಈಗ ಅವರಿಗೆ ಐವತ್ತೆರಡು.

ಗಾಡಿ 1998ರ ಓಮ್ನಿ. ನಮ್ಮ ಊರುಗಳಲ್ಲಿ ಶಾಲೆಗೆ ಮಕ್ಕಳನ್ನು ಕರೆದೊಯ್ದದ್ದು, ಹೆರಿಗೆಗೆ ಆಸ್ಪತ್ರೆಗೆ ಓಡಿದ್ದು, ಮದುವೆ ದಿಬ್ಬಣದ ಸಾಮಾನು ಹೊತ್ತದ್ದು ಎಲ್ಲ ಈ ಜಾತಿಯ ಗಾಡಿಯೇ. 1984ರಲ್ಲಿ ಮಾರುತಿ ವ್ಯಾನ್ ಎಂಬ ಹೆಸರಿನಲ್ಲಿ ಬಂದದ್ದು, 2019ರಲ್ಲಿ ತಯಾರಿಕೆ ನಿಂತಿತು. ಮೂರು ಸಿಲಿಂಡರಿನ 796 ಸಿ.ಸಿ. ಇಂಜಿನ್, ಅದೂ ಮುಂದಿನ ಸೀಟಿನ ಕೆಳಗೆ. ಖಾಲಾರ ಗಾಡಿಗೆ ಆಮೇಲೆ ಗ್ಯಾಸ್ ಕಿಟ್ ಕೂರಿಸಿ ಆರ್.ಸಿ. ಪುಸ್ತಕದಲ್ಲಿ ನಮೂದಿಸಲಾಗಿದೆ. ಪೆಟ್ರೋಲಿನಲ್ಲೂ ಓಡುತ್ತದೆ, ಗ್ಯಾಸಿನಲ್ಲೂ ಓಡುತ್ತದೆ. ಗ್ಯಾಸ್ ಬಂಕ್ ಎಲ್ಲ ಊರಲ್ಲಿಲ್ಲ. ಸರಕಿಗಾಗಿ ಹುಬ್ಬಳ್ಳಿಗೆ ಹೋದಾಗ ಖಾಲಾ ತುಂಬಿಸಿಕೊಂಡು ಬರುತ್ತಾರೆ. ಲೀಟರಿಗೆ ಪೆಟ್ರೋಲಿಗಿಂತ ಕಡಿಮೆ ಬೆಲೆ. ತಿಂಗಳ ಕೊನೆಗೆ ಮಿಗುವ ಹಣದ ಲೆಕ್ಕ ಅದರ ಮೇಲೇ ನಿಂತಿದೆ.

ಕಳೆದ ಏಪ್ರಿಲ್‌ನಲ್ಲಿ ಎರಡು ದಿನದ ಇಳಕಲ್ ಪ್ರಯಾಣಕ್ಕೆ ನಾನೂ ಅವರ ಜೊತೆ ಹೊರಟೆ. ಬೆಳಿಗ್ಗೆ ಗಾಡಿ ಶುರು ಮಾಡುವ ಮೊದಲು ಅವರು ಸೀಟು ಎತ್ತಿ ಇಂಜಿನ್ ನೋಡಿದರು, ಮೂಗಿನಿಂದ ಒಮ್ಮೆ ವಾಸನೆ ಹಿಡಿದರು. ಗ್ಯಾಸಿಗೆ ಸ್ವಂತ ವಾಸನೆಯಿಲ್ಲ. ಸೋರಿದರೆ ತಿಳಿಯಲೆಂದೇ ಮರ್ಕಾಪ್ಟನ್ ಎಂಬ ದುರ್ವಾಸನೆಯ ರಾಸಾಯನಿಕ ಬೆರೆಸಿರುತ್ತಾರೆ. ಗ್ಯಾಸ್ ಗಾಳಿಗಿಂತ ಭಾರ, ಆದ್ದರಿಂದ ನೆಲಕ್ಕೆ ಇಳಿದು ಗಾಡಿಯೊಳಗೇ ತಂಗುತ್ತದೆ. ವಾಸನೆ ಬಂದರೆ ಚಾವಿ ತಿರುಗಿಸಬಾರದು, ಎಲ್ಲ ಬಾಗಿಲು ತೆರೆದು ಟ್ಯಾಂಕಿನ ವಾಲ್ವ್ ಮುಚ್ಚಿ ದೂರ ನಿಲ್ಲಬೇಕು. ಜಾಯಿಂಟುಗಳಿಗೆ ಸೋಪಿನ ನೊರೆ ಹಚ್ಚಿ ಗುಳ್ಳೆ ಏಳುತ್ತದೆಯೇ ನೋಡುವುದು ಅಡುಗೆಮನೆಯಲ್ಲಿ ನಾವು ಮಾಡುವಂತೆಯೇ. ಒಂದು ಮಾತು ಇಲ್ಲಿ ಹೇಳಲೇಬೇಕು. ಅಡುಗೆಯ ಕೆಂಪು ಸಿಲಿಂಡರನ್ನು ಗಾಡಿಗೆ ಕಟ್ಟಿ ಓಡಿಸುವವರು ಇನ್ನೂ ಇದ್ದಾರೆ. ಅದು ಅಪರಾಧ. ಅಪರಾಧಕ್ಕಿಂತ ಹೆಚ್ಚಾಗಿ ಮನೆಮಂದಿಯ ಜೀವದ ಜೊತೆ ಆಟ. ಗಾಡಿಯ ಟ್ಯಾಂಕಿನಲ್ಲಿ ಶೇಕಡಾ 80ರಷ್ಟು ತುಂಬಿದೊಡನೆ ತಾನಾಗಿ ಮುಚ್ಚಿಕೊಳ್ಳುವ, ಪೈಪು ಒಡೆದರೆ ಗ್ಯಾಸ್ ತಡೆಯುವ ವಾಲ್ವುಗಳಿವೆ. ಅಡುಗೆ ಸಿಲಿಂಡರಿನಲ್ಲಿ ಆ ಏರ್ಪಾಟಿಲ್ಲ. ಟ್ಯಾಂಕನ್ನೂ ಐದು ವರ್ಷಕ್ಕೊಮ್ಮೆ ಪರೀಕ್ಷೆ ಮಾಡಿಸಬೇಕು.

ಗಾಡಿ ಪೆಟ್ರೋಲಿನಲ್ಲಿ ಶುರುವಾಯಿತು. ಐದು ನಿಮಿಷವಾದ ಮೇಲೆ ಸ್ಟೇರಿಂಗ್ ಪಕ್ಕದ ಸ್ವಿಚ್ಚನ್ನು ಖಾಲಾ ನಡುವಿನ ಸ್ಥಾನಕ್ಕೆ ತಂದರು. ಆಗ ಪೆಟ್ರೋಲೂ ಇಲ್ಲ, ಗ್ಯಾಸೂ ಇಲ್ಲ. ಕಾರ್ಬೊರೇಟರಿನಲ್ಲಿ ಉಳಿದ ಪೆಟ್ರೋಲು ಮುಗಿದು ಇಂಜಿನ್ ಒಮ್ಮೆ ತಗ್ಗಿದೊಡನೆ ಗ್ಯಾಸಿಗೆ ತಳ್ಳಿದರು. ದಿನಾಲೂ ಬೆಳಿಗ್ಗೆ ಸ್ವಲ್ಪ ಹೊತ್ತಾದರೂ ಪೆಟ್ರೋಲಿನಲ್ಲಿ ಓಡಿಸುವುದು ಅವರ ನಿಯಮ. ಗ್ಯಾಸ್ ಅಗ್ಗವೆಂದು ಪೆಟ್ರೋಲನ್ನು ಮುಟ್ಟದೇ ಇಡುವವರ ಗಾಡಿಯಲ್ಲಿ ಪೆಟ್ರೋಲು ತಿಂಗಳುಗಟ್ಟಲೆ ಟ್ಯಾಂಕಿನಲ್ಲೇ ಹಳಸಿ ಅಂಟಾಗುತ್ತದೆ, ಸಣ್ಣ ರಂಧ್ರಗಳು ಕಟ್ಟಿಕೊಳ್ಳುತ್ತವೆ, ಗ್ಯಾಸ್ ಮುಗಿದ ದಿನ ನಡುದಾರಿಯಲ್ಲಿ ಪೆಟ್ರೋಲು ಕೈಕೊಡುತ್ತದೆ. ಈಗಂತೂ ಪೆಟ್ರೋಲಿನಲ್ಲಿ ಶೇಕಡಾ 20ರವರೆಗೆ ಎಥನಾಲ್ ಇದೆ. ಅದು ಗಾಳಿಯ ತೇವವನ್ನು ಹೀರುತ್ತದೆ, ಹಳೆಯ ಗಾಡಿಯ ರಬ್ಬರ್ ಪೈಪುಗಳಿಗೂ ಒಗ್ಗುವುದಿಲ್ಲ. ಮುಧೋಳ, ಜಮಖಂಡಿ ಕಡೆಯ ಕಬ್ಬಿನ ಟ್ರ್ಯಾಕ್ಟರುಗಳನ್ನು ಕಂಡಾಗಲೆಲ್ಲ ಖಾಲಾ ನಗುತ್ತಾರೆ. “ನೋಡು, ನನ್ನ ಪೈಪು ತಿನ್ನುವ ಸರಕು ಅಲ್ಲಿ ಹೋಗ್ತಿದೆ.”

ಗುಳೇದಗುಡ್ಡದಲ್ಲಿ ಖಣದ ಗಂಟುಗಳನ್ನು ಹಿಂದಿನ ಸೀಟಿಗೆ ಏರಿಸಿಕೊಂಡೆವು. ಖಣವೆಂದರೆ ಕುಪ್ಪಸದ ಬಟ್ಟೆ. ಅದರಲ್ಲಿ ನೇಯ್ಗೆಯಲ್ಲೇ ಮೂಡುವ ಸಣ್ಣ ಸಣ್ಣ ಹೂ, ತೇರು, ಆನೆಹೆಜ್ಜೆ. ಈಚೆಗೆ ಪಟ್ಟಣದ ಹುಡುಗಿಯರು ಇದರಿಂದ ಕುರ್ತಾ, ದುಪಟ್ಟಾ, ಚೀಲ ಹೊಲಿಸಿಕೊಳ್ಳುವುದರಿಂದ ಬೇಡಿಕೆ ಸ್ವಲ್ಪ ಚಿಗುರಿದೆ ಎಂದು ಖಾಲಾ ಹೇಳಿದರು. ಮಗ್ಗದ ಸದ್ದು ಮಾತ್ರ ಅವರು ಸೊಸೆಯಾಗಿ ಬಂದ ಕಾಲದಷ್ಟು ಓಣಿಯಲ್ಲಿ ಕೇಳುವುದಿಲ್ಲವಂತೆ.

ತೊಂದರೆ ಶುರುವಾದದ್ದು ಬಾದಾಮಿ ಕಡೆಯ ಏರಿನಲ್ಲಿ. ಗಂಟಿನ ಭಾರ ಬಿದ್ದ ಗಾಡಿ ಏರು ಬಂದೊಡನೆ ಜಗ್ಗಿ ಜಗ್ಗಿ ಎಳೆಯತೊಡಗಿತು. ಒಮ್ಮೆ ಒಳಗಿನಿಂದ ಪಟಾಕಿ ಹೊಡೆದಂಥ ಸದ್ದು ಬಂತು. ನನಗೆ ಎದೆ ಧಸಕ್ಕೆಂದಿತು. ಖಾಲಾ ಗಾಬರಿಯಾಗಲಿಲ್ಲ. ಪೆಟ್ರೋಲಿಗೆ ಬದಲಿಸಿ ಸ್ವಲ್ಪ ದೂರ ಓಡಿಸಿದರು. ಜಗ್ಗುವುದು ಕಡಿಮೆಯಾಯಿತು, ಪೂರ್ತಿ ಹೋಗಲಿಲ್ಲ.

“ಎರಡು ಇಂಧನದ ಗಾಡಿಯಲ್ಲಿ ಇದೊಂದು ಸುಖ,” ಎಂದರು. “ರೋಗ ಯಾವ ಕಡೆ ಇದೆ ಅಂತ ಅದೇ ಹೇಳ್ತದೆ. ಗ್ಯಾಸಿನಲ್ಲಿ ಮಾತ್ರ ಕೆಟ್ಟರೆ ಕಿಟ್ಟು, ಫಿಲ್ಟರು, ಗ್ಯಾಸಿನ ಪೈಪು ನೋಡು. ಪೆಟ್ರೋಲಿನಲ್ಲಿ ಮಾತ್ರ ಕೆಟ್ಟರೆ ಪಂಪು, ಕಾರ್ಬೊರೇಟರು. ಎರಡರಲ್ಲೂ ಕೆಟ್ಟರೆ ಎರಡಕ್ಕೂ ಸೇರಿದ್ದು ಕೆಟ್ಟಿದೆ. ಕಿಡಿ, ಗಾಳಿ, ಇಲ್ಲ ಇಂಜಿನ್ನೇ.”

ಹಾಗಾದರೆ ಗ್ಯಾಸಿನಲ್ಲಿ ಏಕೆ ಹೆಚ್ಚು ಎಂದು ನಾನು ಕೇಳಿದೆ. ಗ್ಯಾಸು ಹೊತ್ತಿಕೊಳ್ಳಲು ಪ್ಲಗ್ಗಿನ ಕಿಡಿ ಇನ್ನಷ್ಟು ಬಲವಾಗಿರಬೇಕು. ಪೆಟ್ರೋಲಿಗೆ ಸಾಕಾಗುವ ಸೋತ ಕಿಡಿ ಗ್ಯಾಸಿಗೆ ಸಾಲದು. ಅದರಿಂದ ಕಿಡಿಯ ದೋಷ ಮೊದಲು ಗ್ಯಾಸಿನಲ್ಲೇ ಬಯಲಿಗೆ ಬರುತ್ತದೆ. ಎಷ್ಟೋ ಜನ ಆಗ ಗ್ಯಾಸ್ ಕಿಟ್ಟನ್ನು ಬಯ್ದು, ಅದನ್ನು ಬಿಚ್ಚಿಸಿ ತಿರುಗಿಸಿ ಹಣ ಕಳೆದುಕೊಳ್ಳುತ್ತಾರೆ. ಇಲ್ಲಿನ ಮೆಕ್ಯಾನಿಕ್ಕುಗಳು ಇದಕ್ಕೆ ‘ಕರೆಂಟಿನ ಕೆಲಸ’ ಎನ್ನುತ್ತಾರೆ.

ಆ ರಾತ್ರಿ ಬಾದಾಮಿಯಲ್ಲಿ ದೂರದ ಸಂಬಂಧಿಕರ ಮನೆಯಲ್ಲಿ ತಂಗಿದೆವು. ಇಶಾ ಮುಗಿದ ಮೇಲೆ ಖಾಲಾ ಅಂಗಳದ ದೀಪ ಆರಿಸಲು ಹೇಳಿದರು. ಮೊದಲು ಎಲ್ಲ ಬಾಗಿಲು ತೆರೆದಿಟ್ಟು ಗ್ಯಾಸಿನ ವಾಸನೆ ಇಲ್ಲವೆಂದು ಖಚಿತ ಮಾಡಿಕೊಂಡರು, ಟ್ಯಾಂಕಿನ ವಾಲ್ವ್ ಮುಚ್ಚಿದರು. ನಂತರ ಸೀಟು ಎತ್ತಿ ಪೆಟ್ರೋಲಿನಲ್ಲಿ ಇಂಜಿನ್ ಶುರು ಮಾಡಿ, “ಕೈ ಹಾಕಬೇಡ, ಬರೀ ನೋಡು” ಎಂದರು. ಕತ್ತಲಲ್ಲಿ ಪ್ಲಗ್ಗಿಗೆ ಹೋಗುವ ಒಂದು ವೈರಿನ ಮೇಲೆ ಸಣ್ಣ ನೀಲಿ ಬೆಳಕು ಮಿಣಮಿಣ ಹರಿದಾಡುತ್ತಿತ್ತು! ವೈರಿನ ರಬ್ಬರು ಸೀಳಿ, ಪ್ಲಗ್ಗಿಗೆ ಹೋಗಬೇಕಾದ ವಿದ್ಯುತ್ತು ದಾರಿಯಲ್ಲೇ ಇಂಜಿನ್ನಿನ ಮೈಗೆ ಜಿಗಿಯುತ್ತಿತ್ತು. ಹಗಲಿನಲ್ಲಿ ಗಂಟೆಗಟ್ಟಲೆ ಹುಡುಕಿದರೂ ಅದು ಕಾಣುತ್ತಿರಲಿಲ್ಲ. ಆ ಮನೆಯ ಮಕ್ಕಳೆಲ್ಲ ಸುತ್ತ ನಿಂತು ಜಾತ್ರೆಯ ಆಟದಂತೆ ನೋಡಿದರು.

ಬೆಳಿಗ್ಗೆ ಸ್ಪೇರ್ ಅಂಗಡಿ ತೆರೆಯುವವರೆಗೆ ಸಮಯವಿತ್ತು. ಬಾದಾಮಿ ಚಾಲುಕ್ಯರ ರಾಜಧಾನಿ, ಆಗಿನ ವಾತಾಪಿ. ಕೆಂಪು ಮರಳುಗಲ್ಲಿನ ಬೆಟ್ಟದಲ್ಲಿ ಕೊರೆದ ನಾಲ್ಕು ಗುಹೆಗಳಲ್ಲಿ ಮೂರನೆಯದರಲ್ಲಿ ಕ್ರಿ.ಶ. 578ರ ಶಾಸನವಿದೆ, ನಾಲ್ಕನೆಯದು ಜೈನರದು. ಬೆಟ್ಟದ ಬಳಿಯೇ ಮಲಿಕ್ ಅಬ್ದುಲ್ ಅಜೀಜರ ಗೋರಿ. ಉತ್ತರದ ಕೋಟೆ ಕೊನೆಕೊನೆಗೆ ಟಿಪ್ಪು ಸುಲ್ತಾನರ ಕೈಯಲ್ಲಿದ್ದು 1786ರಲ್ಲಿ ಮರಾಠರ ಮತ್ತು ನಿಜಾಮರ ಸೇನೆಗೆ ಬಿತ್ತು. ಇದನ್ನೆಲ್ಲ ಪುಸ್ತಕಗಳಲ್ಲಿ ಓದಬಹುದು. ನನಗೆ ಮನಸ್ಸು ಹಿಡಿದದ್ದು ಅಗಸ್ತ್ಯ ತೀರ್ಥದ ಮೆಟ್ಟಿಲುಗಳಲ್ಲಿ ಬಟ್ಟೆ ಒಗೆಯುವ ಹೆಂಗಸರು. ಒಬ್ಬಾಕೆ ಬಟ್ಟೆಯನ್ನು ಕಲ್ಲಿಗೆ ಬಡಿದರೆ ಎದುರು ಬಂಡೆಯಿಂದ ಅದೇ ಸದ್ದು ತಡವಾಗಿ ಮರಳಿ ಬರುತ್ತಿತ್ತು. ಕೋತಿಗಳಿಂದ ಮಾತ್ರ ನಿಮ್ಮ ಕೈಚೀಲವನ್ನು ಅಲ್ಲಾಹನೇ ಕಾಪಾಡಬೇಕು.

ಮೂರು ಪ್ಲಗ್ಗು, ಒಂದು ಸೆಟ್ ವೈರು. ಖಾಲಾ ಅಂಗಡಿಯ ಎದುರೇ ಸೀಟು ಎತ್ತಿ ಹಾಕಿಸಿಕೊಂಡರು. ಅಂಗಡಿಯ ಹುಡುಗ, “ಅಕ್ಕಾರ, ಏರ್ ಫಿಲ್ಟರ್ ನೋಡ್ರಿ, ಹೊಲದ ಮಣ್ಣು ಎಲ್ಲಾ ಇಲ್ಲೇ ಐತಿ” ಎಂದು ನಕ್ಕ. ಫಿಲ್ಟರನ್ನು ಬಡಿದಾಗ ಬಿದ್ದ ದೂಳು ಒಂದು ಬೊಗಸೆಯಷ್ಟು. ಗಾಳಿ ಕಡಿಮೆಯಾದರೆ ಗ್ಯಾಸು ಹೆಚ್ಚು ಖರ್ಚಾಗುತ್ತದೆ, ಓಟ ಕಡಿಮೆಯಾಗುತ್ತದೆ. ಅದೂ ಹೊಸದಾಯಿತು. ಗಾಡಿ ಬಾದಾಮಿ ಬಿಟ್ಟಾಗ ಹೊಸ ಉಸಿರು ಬಂದಂತಿತ್ತು.

1987ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ ಪಟ್ಟದಕಲ್ಲಿನಲ್ಲಿ ಅರ್ಧ ಗಂಟೆ ಇಳಿದೆವು. ಐಹೊಳೆಯನ್ನು ಗಾಡಿಯಿಂದಲೇ ನೋಡಿದೆವು. ಬಿಸಿಲು ಹಾಗಿತ್ತು. ಖಾಲಾರಿಗೆ ಗುಡಿಗಳಿಗಿಂತ ಗಡಿಯಾರದ ಚಿಂತೆ. ಸಂಜೆಯೊಳಗೆ ಖಣ ಮುಟ್ಟಿಸಿ, ಮಾರನೆಯ ದಿನ ಬಾಗಲಕೋಟೆಯ ಒಂದು ಮದುವೆ ಮನೆಗೆ ಹದಿನೆಂಟು ಸೀರೆ ತಲುಪಿಸಬೇಕಿತ್ತು. ಮುಂಗಡ ಹಣ ಆಗಲೇ ನೇಕಾರರಿಗೆ ಹೋಗಿತ್ತು.

ಐಹೊಳೆ ದಾಟಿ ಅಮೀನಗಡದ ದಾರಿಯಲ್ಲಿ ಗಾಡಿಯ ಬಲ ಇಳಿಯತೊಡಗಿತು. ಈ ಸಲ ಜಗ್ಗಲಿಲ್ಲ, ಸದ್ದಿಲ್ಲ. ಹಸಿದ ಎತ್ತಿನಂತೆ ನಿಧಾನವಾಗುತ್ತ ಬಂದು ನಿಂತೇಬಿಟ್ಟಿತು. ಖಾಲಾ ಒಂದು ಬೇವಿನ ಮರದ ನೆರಳಿಗೆ ತಳ್ಳಿಸಿ, ಸ್ವಲ್ಪ ಹೊತ್ತು ಬಿಟ್ಟು ಸೀಟು ಎತ್ತಿದರು. ಗ್ಯಾಸ್ ಕಿಟ್ಟಿನ ಮೇಲೆ ಬೆಳ್ಳಗೆ ಹಿಮ ಕಟ್ಟಿತ್ತು!

ಆ ಬಿಸಿಲಿನಲ್ಲಿ, ರಸ್ತೆಯ ಡಾಂಬರು ಚಪ್ಪಲಿಗೆ ಅಂಟುವ ಹೊತ್ತಿನಲ್ಲಿ, ಫ್ರಿಜ್ಜಿನ ಒಳಗಿನಂಥ ಹಿಮ! ಮುಟ್ಟಿದರೆ ಬೆರಳು ಜುಮ್ಮೆಂದಿತು. ಇದರ ಕಾರಣ ನಮಗೆ ಗೊತ್ತಿಲ್ಲದ್ದೇನಲ್ಲ. ಮದುವೆ ಮನೆಯಲ್ಲಿ ಬಿರಿಯಾನಿಯ ದೊಡ್ಡ ಒಲೆ ಹೊತ್ತಿಸಿದಾಗ ಸಿಲಿಂಡರಿನ ಹೊರಮೈ ತಣ್ಣಗಾಗಿ ಬೆವರುವುದನ್ನು, ಕೆಲವೊಮ್ಮೆ ಹಿಮ ಹಿಡಿಯುವುದನ್ನು ನೀವು ಕಂಡಿರಬಹುದು. ದ್ರವವಾಗಿರುವ ಗ್ಯಾಸು ಆವಿಯಾಗುವಾಗ ಸುತ್ತಲಿನ ಶಾಖವನ್ನು ಎಳೆದುಕೊಳ್ಳುತ್ತದೆ. ಗಾಡಿಯಲ್ಲಿ ಗ್ಯಾಸನ್ನು ಆವಿ ಮಾಡುವ ಕೆಲಸ ಈ ಕಿಟ್ಟಿನದು, ಅದನ್ನು ವೇಪರೈಸರ್ ಎನ್ನುತ್ತಾರೆ. ಅದು ಹೆಪ್ಪುಗಟ್ಟದಿರಲೆಂದು ಇಂಜಿನ್ನಿನ ಬಿಸಿನೀರನ್ನು ಎರಡು ಸಣ್ಣ ಪೈಪುಗಳಲ್ಲಿ ಅದರ ಸುತ್ತ ಹರಿಸುತ್ತಾರೆ. ಹಿಮ ಕಟ್ಟಿದೆ ಎಂದರೆ ಆ ನೀರು ಬರುತ್ತಿಲ್ಲ. ಖಾಲಾ ಬಟ್ಟೆ ಸುತ್ತಿದ ಕೈಯಿಂದ ಪೈಪುಗಳನ್ನು ಒತ್ತಿ ನೋಡಿದರು, ಒಳಗೆ ಟೊಳ್ಳು. ಒಂದು ಪೈಪಿನ ತುದಿ ಕ್ಲಿಪ್ಪಿನ ಬಳಿ ಸೀಳಿ ಹನಿಹನಿಯಾಗಿ ಸೋರಿತ್ತು.

ಅಷ್ಟರಲ್ಲಿ ಟಂಟಂ ಓಡಿಸುತ್ತ ಬಂದ ಒಬ್ಬರು ನಿಲ್ಲಿಸಿದರು. ಒಳ್ಳೆಯ ಮನುಷ್ಯ, ಸಹಾಯ ಮಾಡಲೆಂದೇ ಇಳಿದವರು. “ಗ್ಯಾಸ್ ಬಂದ್ ಮಾಡಿ ಪೆಟ್ರೋಲಿಗೆ ಹಾಕ್ಕೊಳ್ರಿ ಅಕ್ಕಾ. ಅಮೀನಗಡ ಇಲ್ಲೇ ಐತಿ, ಹತ್ತು ನಿಮಿಷದಾಗ ಮುಟ್ತೀರಿ,” ಎಂದರು. ನನಗೂ ಅದೇ ಸರಿಯೆನಿಸಿತು. ನೀರಡಿಕೆ, ಬಿಸಿಲು, ಹಿಂದೆ ಸರಕು, ಮುಂದೆ ಸಂಜೆಯ ಗಡುವು. ಪೆಟ್ರೋಲು ಇದೆಯಲ್ಲ!

ಖಾಲಾ ತಲೆಯಾಡಿಸಿದರು. “ಬ್ಯಾಡಪ್ಪ. ಪೆಟ್ರೋಲಿನ್ಯಾಗ ಗಾಡಿ ಓಡತೈತಿ, ಖರೇ. ಆದ್ರ ನೀರಿಲ್ಲಲ್ಲ. ನೀರಿಲ್ಲದ ಇಂಜಿನ್ ಯಾವುದರಾಗ ಓಡಿದ್ರೂ ಸುಡತೈತಿ.”

ಇದು ಎಲ್ಲರೂ ತಿಳಿದಿರಬೇಕಾದ ವಿಷಯ. ಕಿಟ್ಟಿನ ಹಿಮ ಕಾಯಿಲೆಯಲ್ಲ, ಕಾಯಿಲೆಯ ಗುರುತು. ಕಿಟ್ಟು ಎತ್ತರದಲ್ಲಿರುವುದರಿಂದ ನೀರು ಕಡಿಮೆಯಾದಾಗ ಮೊದಲು ಬರಿದಾಗುವುದು ಅದರ ಪೈಪು. ಆಗ ಗ್ಯಾಸಿನಲ್ಲಿ ಗಾಡಿ ನಿಂತು ನಮ್ಮನ್ನು ಎಚ್ಚರಿಸುತ್ತದೆ. ಪೆಟ್ರೋಲಿಗೆ ಬದಲಿಸಿದರೆ ಆ ಎಚ್ಚರಿಕೆ ಮಾಯವಾಗಿ ಗಾಡಿ ಚೆನ್ನಾಗಿಯೇ ಓಡುತ್ತದೆ, ಹೆಡ್ ಗ್ಯಾಸ್ಕೆಟ್ ಸುಡುವವರೆಗೆ. ಮೀಟರಿನ ಮುಳ್ಳನ್ನೂ ನಂಬುವಂತಿಲ್ಲ. ನೀರೇ ಇಲ್ಲದ ಕಡೆ ಅದು ಸರಿಯಾದ ಶಾಖ ತೋರಿಸದಿರಬಹುದು. ಇಂಜಿನ್ ಕೆಲಸ ಬಂದರೆ ಖಾಲಾರ ಹಲವು ತಿಂಗಳ ದುಡಿಮೆ ಹೋದಂತೆ. ಅಷ್ಟು ಹಳೆಯ ಗಾಡಿಗೆ ಅಷ್ಟು ಖರ್ಚು ಏಕೆ ಎಂದು ಬೆಂಗಳೂರಿನಲ್ಲಿರುವ ಮಗ ಗಾಡಿಯನ್ನು ಗುಜರಿಗೆ ಕಳಿಸುವುದೂ ಖಂಡಿತ. ಆಗ ಸೀರೆಯ ವ್ಯಾಪಾರ?

ನಾವು ಮುಕ್ಕಾಲು ಗಂಟೆ ಕಾದೆವು. ಬಿಸಿ ರೇಡಿಯೇಟರಿನ ಮುಚ್ಚಳ ತೆರೆದರೆ ಕುದಿನೀರು ಮುಖಕ್ಕೆ ಚಿಮ್ಮುತ್ತದೆ, ಕಾದ ಇಂಜಿನ್ನಿಗೆ ತಣ್ಣೀರು ಹೊಯ್ದರೆ ಲೋಹ ಬಿರಿಯಬಹುದು. ಕಾಯುವುದಕ್ಕೆ ಬೇರೆ ಉಪಾಯವಿಲ್ಲ. ಹೊಲದಿಂದ ಮರಳುತ್ತಿದ್ದ ಇಬ್ಬರು ಹೆಂಗಸರು ನಮ್ಮ ಜೊತೆ ನೆರಳಿಗೆ ಕುಳಿತು ಎಲೆಯಡಿಕೆ ಬಿಚ್ಚಿದರು. “ಯಾವೂರ್ರೀ? ಗಂಡಸರ್ಯಾರೂ ಇಲ್ಲೇನು?” ಎಂದು ಕೇಳಿದವರು, ಖಾಲಾ ತೋಳು ಮಡಚಿ ಸೀಟಿನ ಕೆಳಗೆ ಬಗ್ಗಿದ್ದನ್ನು ನೋಡಿ ಸುಮ್ಮನಾದರು. ಆಮೇಲೆ ಅವರಲ್ಲೊಬ್ಬರು ಪಂಪ್‌ಸೆಟ್ಟಿನವರೆಗೆ ಮರಳಿ ಹೋಗಿ ಒಂದು ಕೊಡ ನೀರು ಹೊತ್ತು ತಂದರು. ಕುಡಿಯಲು ಬೇರೆ, ಗಾಡಿಗೆ ಬೇರೆ.

ಖಾಲಾರ ತಗಡಿನ ಪೆಟ್ಟಿಗೆಯಲ್ಲಿ ಒಂದು ಮೊಳ ಪೈಪು, ನಾಲ್ಕು ಕ್ಲಿಪ್ಪು, ಸ್ಕ್ರೂಡ್ರೈವರ್, ಪ್ಲಗ್ ಪಾನಾ, ಹಳೆಯ ಟೂತ್‌ಬ್ರಶ್ಶು, ಸೋಪಿನ ಚೂರು ಇದ್ದವು. ಸೀಳಿದ ತುದಿ ಕತ್ತರಿಸಿ ಹೊಸ ಪೈಪು ಕೂರಿಸಿದರು. ನೀರನ್ನು ನಿಧಾನವಾಗಿ ಹೊಯ್ಯುತ್ತ, ಪೈಪುಗಳನ್ನು ಹಸುವಿನ ಕೆಚ್ಚಲಿನಂತೆ ಹಿಂಡಿ ಹಿಂಡಿ ಒಳಗಿನ ಗಾಳಿ ತೆಗೆದರು. ಮುಚ್ಚಳ ತೆರೆದೇ ಇಂಜಿನ್ ಶುರು ಮಾಡಿ ಗುಳ್ಳೆ ನಿಲ್ಲುವವರೆಗೆ ನೋಡಿದರು. ಕೊನೆಗೆ ಕಿಟ್ಟಿಗೆ ಬರುವ ಪೈಪು, ಹೋಗುವ ಪೈಪು ಎರಡನ್ನೂ ಮುಟ್ಟಿ ನೋಡಲು ನನಗೆ ಹೇಳಿದರು. ಎರಡೂ ಬೆಚ್ಚಗಿದ್ದವು. ಒಂದು ಬೆಚ್ಚಗೆ, ಇನ್ನೊಂದು ತಣ್ಣಗೆ ಇದ್ದರೆ ಗಾಳಿ ಇನ್ನೂ ಸಿಕ್ಕಿಕೊಂಡಿದೆ ಎಂದರ್ಥ.

ಅಮೀನಗಡದಲ್ಲಿ ಹತ್ತು ನಿಮಿಷ ನಿಂತು ಮತ್ತೆ ನೀರು ನೋಡಿದೆವು, ಇಳಿದಿರಲಿಲ್ಲ. ಕರದಂಟು ಕೊಂಡೆವು. ಅಂಟನ್ನು ತುಪ್ಪದಲ್ಲಿ ಕರಿದು ಬೆಲ್ಲ, ಉತ್ತುತ್ತಿ, ಗೋಡಂಬಿ ಸೇರಿಸಿ ಮಾಡುವ ಸಿಹಿ. ಬಾಣಂತಿಯರಿಗೆಂದೇ ಇಲ್ಲಿಂದ ಒಯ್ಯುವವರಿದ್ದಾರೆ. ದಣಿದ ನಮಗೂ ಅದು ಔಷಧಿಯೇ ಆಯಿತು.

ಹುನಗುಂದದಲ್ಲಿ ಸೊಲ್ಲಾಪುರ, ವಿಜಯಪುರದಿಂದ ಬರುವ ಹೆದ್ದಾರಿ ಸೇರುತ್ತದೆ. ಮೊದಲು 13 ಎನ್ನುತ್ತಿದ್ದದ್ದು, ಈಗ 50. ಲಾರಿಗಳ ಸಾಲು, ಸಾಲಿಗೆ ತಕ್ಕ ಗ್ಯಾರೇಜುಗಳು. ಖಾಲೂ ಅವರ ಕಾಲದಿಂದ ಪರಿಚಯದ ಒಬ್ಬ ಮೆಕ್ಯಾನಿಕ್ ಚಾಚಾ ಇಲ್ಲಿದ್ದಾರೆ. ಅವರು ಖಾಲಾರ ಪೈಪಿನ ಕೆಲಸವನ್ನು ಬಗ್ಗಿ ನೋಡಿ, “ಠೀಕ್ ಐತಿ ಬೇಟಿ” ಎಂದಷ್ಟೇ ಹೇಳಿದರು. ಮೆಚ್ಚುಗೆ ಅವರ ಬಾಯಿಂದ ಅಷ್ಟೇ ಬರುವುದಂತೆ. ಆಮೇಲೆ ಕಿಟ್ಟು ಬೆಚ್ಚಗಿರುವಾಗಲೇ ತಳದ ಬಿರಡೆ ಬಿಚ್ಚಿದರು. ಕಡುಕಂದು ಬಣ್ಣದ ಜಿಡ್ಡೆಣ್ಣೆ ಹನಿಹನಿಯಾಗಿ ಇಳಿಯಿತು. ಗ್ಯಾಸಿನಲ್ಲಿರುವ ಜಿಡ್ಡು ಕಾಲಕ್ರಮೇಣ ಕಿಟ್ಟಿನ ತಳದಲ್ಲಿ ಕೂಡುತ್ತದೆ, ಅದನ್ನು ಆಗಾಗ ಇಳಿಸದಿದ್ದರೆ ಒಳಗಿನ ರಬ್ಬರ್ ಪರದೆ ಬಿಗಿಯಾಗುತ್ತದೆ. ಗ್ಯಾಸ್ ಫಿಲ್ಟರನ್ನೂ ಬದಲಿಸಿದರು. ಟ್ಯಾಪೆಟ್ ಅಂತರ ಅಳೆದು ಸರಿಮಾಡಿದರು. ಗ್ಯಾಸಿನಲ್ಲಿ ಹೆಚ್ಚು ಓಡುವ ಹಳೆಯ ಇಂಜಿನ್ನುಗಳಲ್ಲಿ ಹೊಗೆ ಹೊರಬಿಡುವ ವಾಲ್ವು ತನ್ನ ಸೀಟನ್ನು ಸವೆಸಿಕೊಂಡು ಒಳಗಿಳಿಯುತ್ತದೆ, ಅಂತರ ಕಡಿಮೆಯಾಗುತ್ತ ಬರುತ್ತದೆ. ಅಂತರ ಪೂರ್ತಿ ಹೋದರೆ ವಾಲ್ವು ಮುಚ್ಚುವುದೇ ಇಲ್ಲ, ಸುಟ್ಟುಹೋಗುತ್ತದೆ. ಹೊಯ್ದ ಬರಿನೀರನ್ನು ಊರು ತಲುಪಿದ ಮೇಲೆ ತೆಗೆದು ಕೂಲಂಟ್ ಹಾಕಿಸಲು ಹೇಳಿದರು. ಬರಿನೀರು ಒಳಗೆ ತುಕ್ಕು ಹಿಡಿಸುತ್ತದೆ.

“ಇನ್ನ ಎಷ್ಟು ವರ್ಷ ಬರತೈತಿ ಚಾಚಾ?” ಎಂದು ಖಾಲಾ ಕೇಳಿದರು. ಮಾತು ಹಗುರವಾಗಿತ್ತು, ಮುಖ ಹಾಗಿರಲಿಲ್ಲ.

“ಇಂಜಿನ್ ಬರತೈತಿ. ಕಾಗದಾ ಬರತಾವೋ ಇಲ್ಲೋ ನೋಡು,” ಎಂದರು ಚಾಚಾ.

ಅವರು ಹೇಳಿದ್ದು ನೋಂದಣಿಯ ಮಾತು. ಹದಿನೈದು ವರ್ಷದ ನಂತರ ಖಾಸಗಿ ಗಾಡಿಯ ನೋಂದಣಿಯನ್ನು ಐದೈದು ವರ್ಷಕ್ಕೆ ನವೀಕರಿಸಬೇಕು. ಖಾಲಾರದು ಮತ್ತೆ ಬರುವುದು 2028ರಲ್ಲಿ. ಇಪ್ಪತ್ತು ವರ್ಷ ದಾಟಿದ ಕಾರುಗಳ ನವೀಕರಣ ಶುಲ್ಕವನ್ನು 2025ರ ಆಗಸ್ಟ್‌ನಲ್ಲಿ ಹತ್ತು ಸಾವಿರ ರೂಪಾಯಿಗೆ ಏರಿಸಲಾಗಿದೆ. ಹಳೆಯ ಗಾಡಿಗಳ ಹೊಗೆ ಕಡಿಮೆಯಾಗಬೇಕೆಂಬ ಉದ್ದೇಶ ಸರಿಯೇ ಇರಬಹುದು. ಆದರೆ ಹಳೆಯ ಗಾಡಿಯನ್ನು ಶೋಕಿಗಾಗಿ ಇಟ್ಟುಕೊಂಡವರಿಗೂ, ಅದರಿಂದಲೇ ಅನ್ನ ಕಾಣುವವರಿಗೂ ಲೆಕ್ಕ ಒಂದೇ ಆಗಿರುವುದು ನನಗೆ ಸರಿಕಾಣಲಿಲ್ಲ. ಖಾಲಾ ಆಗಲೇ ಒಂದು ಡಬ್ಬಿಯಲ್ಲಿ ವಾರಕ್ಕೆ ನೂರು ರೂಪಾಯಿ ಹಾಕುತ್ತಿದ್ದಾರೆ.

ಇಳಕಲ್ ತಲುಪಿದಾಗ ಅಸರ್ ಆಗಿತ್ತು. ಊರಿನ ಸುತ್ತ ಕೆಂಪು ಗ್ರಾನೈಟಿನ ಗಣಿಗಳು, ಊರೊಳಗೆ ಮಗ್ಗಗಳು, ಮುರ್ತುಜಾ ಖಾದ್ರಿಯವರ ದರ್ಗಾ. ಖಣದ ಗಂಟು ಇಳಿಸಿ ಸೀರೆ ನೋಡಲು ಕುಳಿತೆವು. ಇಳಕಲ್ ಸೀರೆಯ ಒಡಲು ಒಂದು ಹಾಸು, ಸೆರಗು ಬೇರೊಂದು ಹಾಸು. ಒಡಲಿನ ಪ್ರತಿ ಎಳೆಯನ್ನೂ ಸೆರಗಿನ ಎಳೆಗೆ ಕೊಂಡಿ ಹಾಕಿ ಕೂಡಿಸುತ್ತಾರೆ. ಈ ಕೊಂಡಿ ಕೆಲಸ ಹೆಚ್ಚಾಗಿ ಮನೆಯ ಹೆಂಗಸರದು. ಕೂಡಿಸಿದ ಮೇಲೆ ಕೆಂಪು ಬಿಳುಪಿನ ತೋಪ ತೆನಿ ಸೆರಗು ನೇಯುತ್ತಾರೆ. ದಡಿಗಳಿಗೆ ಚಿಕ್ಕಿ, ಗೋಮಿ ಎಂದೆಲ್ಲ ಹೆಸರು, ‘ಗಾಡಿ ದಡಿ’ ಎಂಬುದೂ ಒಂದುಂಟು. ಅದನ್ನು ಕೇಳಿ ನಾನು ನಕ್ಕರೆ ಖಾಲಾ, “ಇದೂ ಗಾಡೀನೇ, ಆದರೆ ಪ್ಲಗ್ಗು ಬೇಡ” ಎಂದರು. ಕೊಂಡಿ ಹಾಕುತ್ತಿದ್ದ ಮುದುಕಿ ತಲೆ ಎತ್ತದೆಯೇ ನಕ್ಕಳು. ಅವಳ ಬೆರಳು ನಿಲ್ಲಲಿಲ್ಲ.

ಹದಿನೆಂಟರಲ್ಲಿ ಹದಿನಾರು ಸಿದ್ಧವಿದ್ದವು. ಉಳಿದೆರಡರ ಸೆರಗು ಇನ್ನೂ ಮಗ್ಗದಲ್ಲಿತ್ತು. ರಾತ್ರಿಯೇ ಮುಗಿಸಿಕೊಡುತ್ತೇವೆಂದು ನೇಕಾರರು ಹೇಳಿದರು. ಖಾಲಾ ಹೊರಗೆ ಬಂದು, ಹೊಸ ಪೈಪಿನ ಕ್ಲಿಪ್ಪನ್ನು ಸ್ಕ್ರೂಡ್ರೈವರಿನಿಂದ ಇನ್ನರ್ಧ ಸುತ್ತು ಬಿಗಿ ಮಾಡಿದರು. ಗಾಡಿಯ ಕೆಳಗೆ ಹಳೆಯ ವರ್ತಮಾನ ಪತ್ರಿಕೆಯ ಒಂದು ಹಾಳೆ ಹಾಸಿ, ಅದರ ನಾಲ್ಕು ಮೂಲೆಗೆ ಕಲ್ಲಿಟ್ಟರು. ಬೆಳಿಗ್ಗೆ ಫಜರ್ ಆದ ಮೇಲೆ ನಾನೇ ಹೋಗಿ ಆ ಹಾಳೆ ಎಳೆದು ನೋಡಿದೆ. ಒಂದು ಹನಿಯ ಗುರುತೂ ಇರಲಿಲ್ಲ.